ಕಾಂಗ್ರೆಸ್ ಕಟ್ಟಿದ ಹ್ಯೂಮ್‌ಗೂ ನಿಮ್ಮ ಹಕ್ಕಿ ಪಟ್ಟಿಗೂ ಏನು ಸಂಬಂಧ?

ಚಳಿಗಾಲ ಬಂತೆಂದರೆ ತುಂಗಭದ್ರಾ ಹಿನ್ನೀರಿಗೆ ವಲಸೆ ಹಕ್ಕಿಗಳು ಬರುತ್ತವೆ, ನಮ್ಮ ಮೊಬೈಲಿಗೆ ಹಕ್ಕಿ ಫಾರ್ವರ್ಡ್‌ಗಳು ಬರುತ್ತವೆ. ಚೆಂದದ ಒಂದು ಫೋಟೊ, ಕೆಳಗೆ ಒಂದು ಸಾಲು: ನಮ್ಮೂರಿಗೆ ಬಂದ ಅಪರೂಪದ ಅತಿಥಿ, ಎಲ್ಲರಿಗೂ ಕಳಿಸಿ. ಫೋಟೊ ತೆಗೆದವರು ಯಾರು, ಯಾವ ಕೆರೆ, ಯಾವ ತಾರೀಖು ಎಂದು ಕೇಳಿದರೆ ಕಳಿಸಿದವರಿಗೂ ಗೊತ್ತಿರುವುದಿಲ್ಲ. ಕಳೆದ ವರ್ಷದ ಫೋಟೊ ಇರಬಹುದು, ಬೇರೆ ದೇಶದ್ದೂ ಇರಬಹುದು. ನೋಡಿ ಖುಷಿಪಡುವುದಕ್ಕೆ ಅಡ್ಡಿಯಿಲ್ಲ. ಆದರೆ ಹಿನ್ನೀರಿಗೆ ಆ ಹಕ್ಕಿ ಬಂತು ಎನ್ನುವುದಕ್ಕೆ ಅದು ಸಾಕ್ಷಿ ಆಗುವುದಿಲ್ಲ.

ಇದೇ ಸೀಮೆಯಲ್ಲಿ ನಾಲ್ಕು ಜನ ಗೆಳೆಯರು ಒಂದು ಭಾನುವಾರ ನಸುಕಿಗೆ ಎದ್ದು ಹಂಪಿಯ ಬಂಡೆಗಳಿಂದ ಶುರುಮಾಡಿ, ಕಮಲಾಪುರ ಕೆರೆ, ದರೋಜಿ, ಕಂಪ್ಲಿಯ ಭತ್ತದ ಗದ್ದೆ, ಸಂಡೂರಿನ ಕಾಡು ಎಂದು ಸಂಜೆವರೆಗೆ ತಿರುಗಿ, ಕಂಡ ಹಕ್ಕಿಗಳನ್ನೆಲ್ಲ ಸ್ಥಳ, ಹೊತ್ತು, ಸಂಖ್ಯೆ ಸಮೇತ ಬರೆದಿಟ್ಟರು ಎನ್ನಿ. ಇನ್ನೊಂದು ತಂಡವೂ ಹಾಗೇ ಮಾಡಿತು. ಸಂಜೆ ಎರಡೂ ಪಟ್ಟಿ ಎದುರುಬದುರು ಇಟ್ಟು ಯಾರದು ಹೆಚ್ಚು ಎಂದು ನೋಡುತ್ತಾರೆ. ಬರ್ಡ್ ರೇಸ್ ಎಂದು ಕರೆಯುವ ಆಟ ಇಷ್ಟೇ. ಭಾರತದಲ್ಲಿ ಇದು ಸಂಘಟಿತವಾಗಿ ಮುಂಬೈಯಲ್ಲಿ 2005ರಲ್ಲಿ ಶುರುವಾಗಿ ಬೇರೆ ಊರುಗಳಿಗೆ ಹಬ್ಬಿತು. ಗೆದ್ದವರಿಗೆ ಸಿಗುವುದು ಚಪ್ಪಾಳೆ, ಹೆಚ್ಚೆಂದರೆ ಒಂದು ಸಣ್ಣ ಬಹುಮಾನ. ಆದರೆ ಆ ಪಟ್ಟಿ ಮಾತ್ರ ಫಾರ್ವರ್ಡ್ ಆದ ಫೋಟೊಗಿಂತ ನೂರು ಪಾಲು ಬೆಲೆಬಾಳುತ್ತದೆ.

ಯಾಕೆ ಎನ್ನುವುದನ್ನು ಒಬ್ಬ ಮನುಷ್ಯನ ಬದುಕಿನ ಮೂಲಕ ಹೇಳುವುದು ಸುಲಭ. ಅವರ ಹೆಸರು ನಿಮಗೆ ಗೊತ್ತಿದೆ. ಎಸ್ಸೆಸ್ಸೆಲ್ಸಿಯಿಂದ ಕೆಎಎಸ್‌ವರೆಗೆ ಎಲ್ಲ ಪರೀಕ್ಷೆಗಳಲ್ಲೂ ಬರುವ ಪ್ರಶ್ನೆ: ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಸ್ಥಾಪಿಸಿದ ಇಂಗ್ಲಿಷ್ ಅಧಿಕಾರಿ ಯಾರು? ಎ.ಒ. ಹ್ಯೂಮ್ ಎಂದು ಬರೆದು ಒಂದು ಅಂಕ ತೆಗೆದುಕೊಂಡು ಮುಂದೆ ಹೋಗುತ್ತೇವೆ. ಅದೇ ಅಲನ್ ಆಕ್ಟೇವಿಯನ್ ಹ್ಯೂಮ್ ತಮ್ಮ ಬದುಕಿನ ಒಳ್ಳೆಯ 25 ವರ್ಷಗಳನ್ನು ಹಕ್ಕಿಗಳಿಗೆ ಕೊಟ್ಟಿದ್ದರು, ಇಡೀ ದೇಶದ ತುಂಬ ಹರಡಿದ್ದ ಹವ್ಯಾಸಿಗಳನ್ನು ಒಂದೇ ದಾರಕ್ಕೆ ಪೋಣಿಸಿದ್ದರು ಎನ್ನುವುದನ್ನು ಪಠ್ಯಪುಸ್ತಕ ಹೇಳುವುದಿಲ್ಲ.

ಉಪ್ಪಿನ ಬೇಲಿಯ ಅಧಿಕಾರಿ

ಹ್ಯೂಮ್ ಹುಟ್ಟಿದ್ದು 1829ರಲ್ಲಿ. ತಂದೆ ಜೋಸೆಫ್ ಹ್ಯೂಮ್ ಬ್ರಿಟಿಷ್ ಸಂಸತ್ತಿನಲ್ಲಿ ಸರ್ಕಾರದ ದುಂದುವೆಚ್ಚವನ್ನು ಪೈಸೆ ಪೈಸೆ ಲೆಕ್ಕ ಕೇಳುತ್ತಿದ್ದ ಸುಧಾರಣಾವಾದಿ. ಲೆಕ್ಕ ಕೇಳುವ ಚಾಳಿ ಮಗನಿಗೂ ಬಂತು. ಸ್ವಲ್ಪ ಕಾಲ ವೈದ್ಯಕೀಯ ಕಲಿತು, ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ತರಬೇತಿ ಪಡೆದು 1849ರಲ್ಲಿ ಭಾರತಕ್ಕೆ ಬಂದರು. ಮುಂದೆ ಇಂದಿನ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯ ಆಡಳಿತ ಅವರ ಕೈಗೆ ಬಂತು. ಅಲ್ಲಿ ಶಾಲೆಗಳನ್ನು ತೆರೆದರು. ಸರ್ಕಾರ ಹೆಂಡದ ಸುಂಕದಿಂದ ಬೊಕ್ಕಸ ತುಂಬಿಕೊಳ್ಳುವುದನ್ನು ಕಾಗದದಲ್ಲೇ ಖಂಡಿಸಿದರು. ಮೇಲಧಿಕಾರಿಗಳಿಗೆ ಇದು ಹಿಡಿಸಿರಲಾರದು.

ಹಕ್ಕಿಗಳ ಹುಚ್ಚು ಹಿಡಿದದ್ದೂ ಇಟಾವಾದಲ್ಲೇ. ಆ ಕಾಲದಲ್ಲಿ ಹಕ್ಕಿ ಅಭ್ಯಾಸ ಎಂದರೆ ಬಂದೂಕು. ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಇಡುವುದು. ಬೈನಾಕ್ಯುಲರ್ ಇನ್ನೂ ಜನರ ಕೈಗೆ ಬಂದಿರಲಿಲ್ಲ, ಕ್ಯಾಮೆರಾ ಹಕ್ಕಿಯ ಹತ್ತಿರ ಸುಳಿಯುವಂತಿರಲಿಲ್ಲ. ಹಾಗಾಗಿ ಅವರನ್ನು ಇಂದಿನ ಕಣ್ಣಿನಿಂದ ಅಳೆಯಲು ನಾವು ಹೋಗುವುದಿಲ್ಲ. ಹೀಗೆ ಕೂಡಿಹಾಕಿದ ಮೊದಲ ಸಂಗ್ರಹ 1857ರ ದಂಗೆಯಲ್ಲಿ ಹಾಳಾಯಿತು. ಹ್ಯೂಮ್ ಮತ್ತೆ ಸೊನ್ನೆಯಿಂದ ಶುರುಮಾಡಿದರು.

1867ರಲ್ಲಿ ಸಿಕ್ಕ ಹುದ್ದೆ ಅವರ ಅದೃಷ್ಟ ಎನ್ನಬೇಕು. ಉಪ್ಪು ಸುಂಕವಿಲ್ಲದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬಾರದೆಂದು ಬ್ರಿಟಿಷರು ದೇಶದ ಅಡ್ಡಲಾಗಿ ಸುಮಾರು 4,000 ಕಿಲೋಮೀಟರ್ ಉದ್ದದ ಸುಂಕದ ಗೆರೆ ಹಾಕಿದ್ದರು. ಅದರ ಬಹುಭಾಗ ಮುಳ್ಳಿನ ಬೇಲಿ, ಕಾಯಲು ಹತ್ತು ಸಾವಿರಕ್ಕೂ ಹೆಚ್ಚು ಕಾವಲುಗಾರರು. ಉಪ್ಪಿನ ಮೇಲಿನ ಆ ದಬ್ಬಾಳಿಕೆಯ ಕಥೆ ಇನ್ನೊಂದು ಲೇಖನಕ್ಕಾಗುವಷ್ಟಿದೆ. ಆ ಗೆರೆಯ ಮುಖ್ಯಾಧಿಕಾರಿಯಾಗಿ ಹ್ಯೂಮ್ ವರ್ಷಗಟ್ಟಲೆ ಊರೂರು ತಿರುಗಿದರು. ಹೋದಲ್ಲೆಲ್ಲ ಹಕ್ಕಿ ನೋಡಿದರು, ಹಕ್ಕಿ ನೋಡುವ ಜನರನ್ನು ಗುರುತು ಮಾಡಿಕೊಂಡರು.

ಆಗ ಅವರಿಗೆ ಒಂದು ಮಾತು ಮನವರಿಕೆಯಾಯಿತು. ಇಷ್ಟು ದೊಡ್ಡ ದೇಶದ ಹಕ್ಕಿಗಳ ಲೆಕ್ಕ ಒಬ್ಬರಿಂದ ಆಗುವಂಥದ್ದಲ್ಲ. ಊರಿಗೊಬ್ಬರು ನೋಡಬೇಕು, ನೋಡಿದ್ದನ್ನು ಒಂದೇ ರೀತಿಯಲ್ಲಿ ಬರೆಯಬೇಕು, ಬರೆದದ್ದು ಒಂದೇ ಕಡೆ ಸೇರಬೇಕು.

ಅಂಚೆಯಲ್ಲಿ ನಡೆದ ಗ್ರೂಪ್

1872ರಲ್ಲಿ ಹ್ಯೂಮ್ ಸ್ಟ್ರೇ ಫೆದರ್ಸ್ ಎಂಬ ಪತ್ರಿಕೆ ಆರಂಭಿಸಿದರು. ಉದುರಿದ ಗರಿಗಳು ಎಂದು ಅದರ ಅರ್ಥ. ಭಾರತದ ಹಕ್ಕಿಗಳಿಗೆಂದೇ ಮೀಸಲಾದ ಪತ್ರಿಕೆ. ರೈಲ್ವೆ ಎಂಜಿನಿಯರು, ಸೇನೆಯ ಕ್ಯಾಪ್ಟನ್ನು, ಕಂದಾಯ ಅಧಿಕಾರಿ, ಭೂವಿಜ್ಞಾನಿ, ಹೀಗೆ ಬೇರೆ ಬೇರೆ ಕಸುಬಿನವರು ತಮ್ಮ ಊರಿನ ಹಕ್ಕಿಗಳ ಬಗ್ಗೆ ಬರೆದು ಕಳಿಸತೊಡಗಿದರು. ಗೂಡು ಎಲ್ಲಿ ಕಟ್ಟಿತು, ಎಷ್ಟು ಮೊಟ್ಟೆ, ಯಾವ ತಿಂಗಳು ಬಂತು, ಯಾವ ತಿಂಗಳು ಹೋಯಿತು. ಇಂದು ನಾವು ವಾಟ್ಸಾಪ್ ಗ್ರೂಪ್‌ನಲ್ಲಿ ಮಾಡುವುದನ್ನು ಅವರು ಅಂಚೆಚೀಟಿ ಹಚ್ಚಿ ಮಾಡುತ್ತಿದ್ದರು. ಅಡ್ಮಿನ್ ಹ್ಯೂಮ್.

ಬಹಳ ಕಟ್ಟುನಿಟ್ಟಿನ ಅಡ್ಮಿನ್. 1874ರಲ್ಲಿ ಅವರು ಸಂಗ್ರಾಹಕರಿಗಾಗಿ ಒಂದು ಕೈಪಿಡಿಯನ್ನೇ ಬರೆದರು. ತಾರೀಖು ಮತ್ತು ಸ್ಥಳ ಇಲ್ಲದ ಹಕ್ಕಿ ಅವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಹಕ್ಕಿ. ತಪ್ಪಿದರೆ ಅಚ್ಚಿನಲ್ಲೇ ಬೈಯುತ್ತಿದ್ದರು, ಲಂಡನ್ನಿನ ದೊಡ್ಡ ವಿದ್ವಾಂಸರನ್ನೂ ಬಿಡುತ್ತಿರಲಿಲ್ಲ. ಬಾಯಿ ಜೋರು, ಅಹಂಕಾರವೂ ಇತ್ತು. ಭಾರತದ ಪಕ್ಷಿಶಾಸ್ತ್ರದ ಪೋಪ್ ಎಂದು ಅವರಿಗೆ ಅಡ್ಡಹೆಸರು ಬಿದ್ದದ್ದು ಪೂರ್ತಿ ಹೊಗಳಿಕೆಯಿಂದಲ್ಲ ಎಂದು ನಮಗನ್ನಿಸುತ್ತದೆ.

ಕನ್ನಡ ನಾಡಿನಿಂದಲೂ ಆ ಪತ್ರಿಕೆಗೆ ಬರಹ ಹೋಗಿದೆ. ಬೆಳಗಾವಿಯಲ್ಲಿದ್ದ ಕ್ಯಾಪ್ಟನ್ ಬಟ್ಲರ್ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಉದ್ದನೆಯ ಪಟ್ಟಿಯೊಂದನ್ನು ತಯಾರಿಸಿದರು. ಅದು 1881ರಲ್ಲಿ ಸ್ಟ್ರೇ ಫೆದರ್ಸ್‌ನಲ್ಲಿ ಅಚ್ಚಾಯಿತು. ದಖ್ಖನ್ನಿನ ಹಕ್ಕಿಗಳ ಬಗ್ಗೆ ಅದಕ್ಕೂ ಮೊದಲು ಬರೆದ ಇನ್ನೊಬ್ಬರು ಜೇಮ್ಸ್ ಡೇವಿಡ್ಸನ್. ಮುಂದೆ ಅವರು ಕಾರವಾರದಲ್ಲಿ ಅಧಿಕಾರಿಯಾಗಿದ್ದು ಉತ್ತರ ಕನ್ನಡದ ಹಕ್ಕಿಗಳ ಬಗ್ಗೆಯೂ ಬರೆದರು. ಈ ಡೇವಿಡ್ಸನ್ ಹೆಸರು ನೆನಪಿಡಿ, ಕಥೆಯಲ್ಲಿ ಮತ್ತೆ ಬರುತ್ತದೆ.

ಅವರೊಳಗೆ ಪೈಪೋಟಿಯೂ ಇತ್ತು. ಯಾರೂ ನೋಡಿರದ ಹಕ್ಕಿಯನ್ನು ಕಳಿಸಿದರೆ ಅದಕ್ಕೆ ನಿಮ್ಮ ಹೆಸರೇ ಅಂಟಿಕೊಳ್ಳುವ ಸಾಧ್ಯತೆ. ಇಂದಿನ ಛತ್ತೀಸಗಢದ ಭಾಗದಿಂದ ಬ್ಲೂಯಿಟ್ ಎಂಬ ಅಧಿಕಾರಿ 1872ರಲ್ಲಿ ಸಂಗ್ರಹಿಸಿ ಕಳಿಸಿದ ಸಣ್ಣ ಗೂಬೆಯೊಂದನ್ನು ಹ್ಯೂಮ್ ಹೊಸ ಜಾತಿ ಎಂದು ಗುರುತಿಸಿ, 1873ರಲ್ಲಿ ಬ್ಲೂಯಿಟ್ ಹೆಸರಿನಲ್ಲೇ ಲೋಕಕ್ಕೆ ಪರಿಚಯಿಸಿದರು. ಬುಡಬುಡಿಕೆಯವರು ಶಕುನ ನುಡಿಯುವ ನಮ್ಮ ಹಾಲಕ್ಕಿಯ ಹಾಗೇ ಕಾಣುವ, ಆದರೆ ತಲೆ ಬೆನ್ನಿನ ಮೇಲೆ ಚುಕ್ಕೆಗಳು ಅಷ್ಟಾಗಿ ಇಲ್ಲದ ಹಕ್ಕಿ ಇದು. ಇಂದು ಅದನ್ನು ಫಾರೆಸ್ಟ್ ಔಲೆಟ್, ಅಂದರೆ ಕಾಡಿನ ಪುಟ್ಟ ಗೂಬೆ ಎನ್ನುತ್ತಾರೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಬಂದೂಕು ಹಿಡಿದ ಸಾಹೇಬರ ಹೆಸರು ಹಕ್ಕಿಗಳಿಗೆ ಬಂತು. ಹಕ್ಕಿ ಎಲ್ಲಿದೆ ಎಂದು ತೋರಿಸಿದ ಬೇಟೆಗಾರರ, ರಾತ್ರಿಯೆಲ್ಲ ಕೂತು ಚರ್ಮ ಸುಲಿದು ಹದಮಾಡಿದ ಕೆಲಸಗಾರರ ಹೆಸರು ಬಹುಪಾಲು ಎಲ್ಲೂ ಇಲ್ಲ.

ಬೆಟ್ಟದ ಮೇಲಿನ ಮನೆ, ರದ್ದಿ ಅಂಗಡಿ

1871ರಲ್ಲಿ ಹ್ಯೂಮ್ ಕೃಷಿ ಮತ್ತು ಕಂದಾಯ ಖಾತೆಯ ಕಾರ್ಯದರ್ಶಿಯಾದರು. ಶಿಮ್ಲಾದ ಜಾಖೂ ಬೆಟ್ಟದ ಮೇಲಿದ್ದ ರೋಥ್ನಿ ಕ್ಯಾಸಲ್ ಎಂಬ ದೊಡ್ಡ ಮನೆಯನ್ನು ಕೊಂಡು, ಅದರಲ್ಲೇ ಹಕ್ಕಿಗಳ ವಸ್ತುಸಂಗ್ರಹಾಲಯ ಮಾಡಿದರು. ಸ್ವಂತ ಹಣ ಸುರಿದು ಅಂಡಮಾನ್, ಲಕ್ಷದ್ವೀಪ, ಮಣಿಪುರಗಳಿಗೂ ಹೋಗಿಬಂದರು. ಬೇಟೆ ಹಕ್ಕಿಗಳ ಬಗ್ಗೆ ಮಾರ್ಷಲ್ ಎಂಬುವರ ಜೊತೆ ಮೂರು ಸಂಪುಟಗಳ ಪುಸ್ತಕ ತಂದರು. ಇದೆಲ್ಲ ಮುನ್ನುಡಿ ಮಾತ್ರ. ಭಾರತದ ಸಮಸ್ತ ಹಕ್ಕಿಗಳ ಒಂದು ಮಹಾಗ್ರಂಥ ಬರೆಯಬೇಕು ಎಂಬುದು ಅವರ ಆಸೆ. ಅದಕ್ಕಾಗಿ 25 ವರ್ಷಗಳ ಟಿಪ್ಪಣಿ, ದೇಶದ ಮೂಲೆಮೂಲೆಯಿಂದ ಬಂದ ಪತ್ರಗಳು ಆ ಮನೆಯಲ್ಲಿ ರಾಶಿ ಬಿದ್ದಿದ್ದವು.

ಅಷ್ಟರಲ್ಲಿ ಸರ್ಕಾರದ ಜೊತೆ ಕೆಟ್ಟಿತು. ಮುಚ್ಚುಮರೆ ಇಲ್ಲದ ಮಾತಿಗೆ ಬೆಲೆ ತೆರಬೇಕಾಗಿ ಬಂದು 1879ರಲ್ಲಿ ಅವರನ್ನು ಆ ಹುದ್ದೆಯಿಂದ ತೆಗೆದು ಅಲಹಾಬಾದಿಗೆ ಕಳಿಸಲಾಯಿತು. 1882ರಲ್ಲಿ ಕೆಲಸದಿಂದಲೇ ನಿವೃತ್ತರಾದರು.

ಇದೇ ಹೊತ್ತಿಗೆ ಅವರು ಥಿಯಾಸಫಿಯ ಕಡೆ ತಿರುಗಿದ್ದರು. 1880ರ ಅಕ್ಟೋಬರ್‌ನಲ್ಲಿ ರೋಥ್ನಿ ಕ್ಯಾಸಲ್‌ನ ಊಟದ ಮೇಜಿನ ಬಳಿ ಬ್ಲಾವಟ್‌ಸ್ಕಿ ಎಂಬ ಮಹಿಳೆ, ಹ್ಯೂಮ್ ಅವರ ಹೆಂಡತಿ ಹಿಂದೆಂದೋ ಕಳೆದುಕೊಂಡಿದ್ದ ಬ್ರೂಚನ್ನು ತೋಟದಲ್ಲಿ ಸಿಗುವ ಹಾಗೆ ಮಾಡಿ ತೋರಿಸಿದರು. ಇದು ಪವಾಡವೆಂದು ಅಲ್ಲಿದ್ದವರೆಲ್ಲ ಸಹಿ ಹಾಕಿದರು. ಆ ಬ್ರೂಚು ಬೇರೊಬ್ಬರ ಕೈಯಿಂದ ಆಕೆಯ ಕೈ ಸೇರಿದ್ದಿರಬಹುದು ಎಂಬ ವಿವರ ಹೊರಬಂದದ್ದು ಆಮೇಲೆ. ಪವಾಡ ಬಯಲುಮಾಡುವುದು ನಮ್ಮ ನಿತ್ಯದ ಕೆಲಸವಾದ್ದರಿಂದ ಈ ಪ್ರಸಂಗ ಬಿಡಲು ಮನಸ್ಸಾಗಲಿಲ್ಲ. ಚೀಟಿ ಇಲ್ಲದ ಹಕ್ಕಿಯನ್ನು ಒಪ್ಪದ ಮನುಷ್ಯ ಇದನ್ನು ಒಪ್ಪಿಬಿಟ್ಟಿದ್ದರು! ಕೆಲ ವರ್ಷಗಳಲ್ಲಿ ಸಂಶಯ ಬಂದು ಆ ಗುಂಪಿನಿಂದ ದೂರ ಸರಿದರು. ಆದರೆ ಒಂದು ಒಳ್ಳೆಯದು ಉಳಿಯಿತು. ಅವರು ಮಾಂಸ ಬಿಟ್ಟರು, ಸಂಗ್ರಹಕ್ಕಾಗಿ ಹಕ್ಕಿ ಕೊಲ್ಲುವುದನ್ನೂ ನಿಲ್ಲಿಸಿದರು.

ಆಮೇಲೆ ಬಂದದ್ದು ದೊಡ್ಡ ಪೆಟ್ಟು. 1880ರ ದಶಕದ ಮೊದಲ ವರ್ಷಗಳ ಒಂದು ಚಳಿಗಾಲದಲ್ಲಿ ಹ್ಯೂಮ್ ಶಿಮ್ಲಾದಲ್ಲಿ ಇಲ್ಲದಾಗ, ಮನೆಯ ಆಳುಗಳು ಸಂಗ್ರಹಾಲಯಕ್ಕೆ ನುಗ್ಗಿ ಕಾಗದದ ರಾಶಿಯನ್ನು ಕದ್ದು ಬಜಾರಿನಲ್ಲಿ ರದ್ದಿಗೆ ಮಾರಿಬಿಟ್ಟಿದ್ದರು. ಕ್ವಿಂಟಲ್‌ಗಟ್ಟಲೆ ಟಿಪ್ಪಣಿ ಮತ್ತು ಪತ್ರಗಳು ಅಂಗಡಿಗಳಲ್ಲಿ ಪೊಟ್ಟಣ ಕಟ್ಟುವ ಕಾಗದವಾಗಿ ಹೋದವು. ಇನ್ನೊಂದು ಪ್ರತಿ ಇರಲಿಲ್ಲ. ಮಹಾಗ್ರಂಥ ಅಲ್ಲಿಗೇ ಮುಗಿಯಿತು.

ನಾವು ಗಮನಿಸಬೇಕಾದದ್ದು ಯಾವುದು ಹೋಯಿತು, ಯಾವುದು ಉಳಿಯಿತು ಎನ್ನುವುದನ್ನು. ಸ್ಟ್ರೇ ಫೆದರ್ಸ್‌ನಲ್ಲಿ ಅಚ್ಚಾಗಿ ಹಂಚಿಹೋಗಿದ್ದ ಪ್ರತಿಯೊಂದು ಸಾಲೂ ಉಳಿದಿತ್ತು, ಬಟ್ಲರ್ ಅವರ ಬೆಳಗಾವಿ ಸೀಮೆಯ ಪಟ್ಟಿ ಸೇರಿ. ನಾಳೆ ಬರೆದರಾಯಿತು ಎಂದು ಮನೆಯಲ್ಲೇ ಇಟ್ಟುಕೊಂಡದ್ದು ಹೋಯಿತು. ಅಳಿದುಳಿದ ಟಿಪ್ಪಣಿಗಳನ್ನು ಹ್ಯೂಮ್ ಯೂಜೀನ್ ಓಟ್ಸ್ ಎಂಬುವರಿಗೆ ಒಪ್ಪಿಸಿದರು. ಓಟ್ಸ್ ಅವನ್ನು ಭಾರತದ ಹಕ್ಕಿಗಳ ಗೂಡು ಮತ್ತು ಮೊಟ್ಟೆಗಳ ಪುಸ್ತಕವಾಗಿ 1889–90ರಲ್ಲಿ ಹೊರತಂದರು.

ಮನಸ್ಸು ಮುರಿದ ಹ್ಯೂಮ್ 1885ರಲ್ಲಿ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ದಾನ ಮಾಡಿದರು. ಹಕ್ಕಿ, ಗೂಡು, ಮೊಟ್ಟೆ ಎಲ್ಲ ಸೇರಿ ಸುಮಾರು 82,000. ಮಳೆಗಾಲದ ತೇವ, ಹುಳುಗಳ ಕಾಟದಿಂದ ಕೆಟ್ಟು ಅದಕ್ಕೂ ಮೊದಲೇ ಬಿಸಾಡಿದ್ದು ಬೇರೆ. ಬೌಡ್ಲರ್ ಶಾರ್ಪ್ ಎಂಬ ತಜ್ಞರು ಲಂಡನ್ನಿನಿಂದ ಶಿಮ್ಲಾಕ್ಕೆ ಬಂದು, ದೇವದಾರು ಮರದ 47 ದೊಡ್ಡ ಪೆಟ್ಟಿಗೆಗಳಲ್ಲಿ ತುಂಬಿ, ಬೆಟ್ಟದಿಂದ ಇಳಿಸಿ ಹಡಗು ಹತ್ತಿಸಿದರು.

ಅದೇ 1885ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ 72 ಪ್ರತಿನಿಧಿಗಳು ಸೇರಿ ಕಾಂಗ್ರೆಸ್ ಹುಟ್ಟಿತು. ಊರೂರಿನ ಜನರನ್ನು ಪತ್ರ ಬರೆದು ಒಂದುಗೂಡಿಸುವ ವಿದ್ಯೆ ಹ್ಯೂಮ್‌ಗೆ ಹಕ್ಕಿಗಳಿಂದಲೇ ಕೈಗೂಡಿತ್ತು ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿಂದ ಮುಂದಿನದು ಪರೀಕ್ಷೆಯ ಸಿಲೆಬಸ್‌ನಲ್ಲಿದೆ. 1894ರಲ್ಲಿ ಇಂಗ್ಲೆಂಡಿಗೆ ಮರಳಿದರು. ಅಲ್ಲಿ ಗಿಡಗಳ ಹುಚ್ಚು ಹಿಡಿಯಿತು, 1910ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಜನಸಾಮಾನ್ಯರಿಗಾಗಿ ಸಸ್ಯಶಾಸ್ತ್ರ ಸಂಸ್ಥೆಯೊಂದನ್ನು ಕಟ್ಟಿದರು. ಅದು ಇಂದಿಗೂ ಇದೆ. 1912ರ ಜುಲೈ 31ರಂದು ತೀರಿಕೊಂಡರು.

ಸತ್ತ ಮೇಲೆ ಬಂದ ಉತ್ತರಗಳು

ಹ್ಯೂಮ್ 1867ರ ನವೆಂಬರ್‌ನಲ್ಲಿ ಸಟ್ಲೆಜ್ ಕಣಿವೆಯ ರಾಂಪುರದ ಹತ್ತಿರ ಕಂದುಬಣ್ಣದ ಪುಟ್ಟ ಹಕ್ಕಿಯೊಂದನ್ನು ಹಿಡಿದಿದ್ದರು. ಉಲಿಯಕ್ಕಿ ಜಾತಿಯದು, ಕೊಕ್ಕು ಮಾತ್ರ ಸ್ವಲ್ಪ ದೊಡ್ಡದು. ಅದೊಂದೇ ಮಾದರಿ. ಆಮೇಲೆ ಯಾರಿಗೂ ಕಾಣಲಿಲ್ಲ. ಅದು ಬೇರೆ ಜಾತಿಯೇ ಅಲ್ಲ, ಹ್ಯೂಮ್ ತಪ್ಪು ಮಾಡಿದ್ದಾರೆ ಎಂದವರೂ ಇದ್ದರು. 139 ವರ್ಷ ಕಳೆದು 2006ರಲ್ಲಿ ಥಾಯ್ಲೆಂಡಿನ ಕೊಳಚೆ ನೀರು ಶುದ್ಧೀಕರಣ ಘಟಕವೊಂದರಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುತ್ತಿದ್ದವರ ಬಲೆಗೆ ಅದೇ ಹಕ್ಕಿ ಬಿತ್ತು. ಡಿಎನ್‌ಎಯನ್ನು ಹ್ಯೂಮ್ ಅವರ ಹಳೆಯ ಮಾದರಿಯ ಜೊತೆ ಹೋಲಿಸಿದಾಗ ಹೊಂದಿತು. 2009ರಲ್ಲಿ ಅಫ್ಘಾನಿಸ್ತಾನದಲ್ಲಿ ಅದರ ಸಂತಾನೋತ್ಪತ್ತಿಯ ನೆಲೆಯೂ ಸಿಕ್ಕಿತು. ಅಷ್ಟೂ ವರ್ಷ ಆ ಹಕ್ಕಿಯ ಇರವಿಗೆ ಆಧಾರವಾಗಿ ನಿಂತದ್ದು ಒಂದು ಒಣ ಮೈ, ಅದರ ಕಾಲಿಗೆ ಕಟ್ಟಿದ ತಾರೀಖು ಮತ್ತು ಸ್ಥಳ.

ಇನ್ನು ಬ್ಲೂಯಿಟ್ ಕಳಿಸಿದ ಗೂಬೆಯ ಕಥೆ. ಇದನ್ನು ಪ್ರತಿಯೊಬ್ಬ ಫಾರ್ವರ್ಡ್ ಪ್ರೇಮಿಯೂ ಓದಬೇಕು.

ಆ ಗೂಬೆಯ ಅಸಲಿ ಮಾದರಿಗಳು ಲೋಕದಲ್ಲಿ ಇದ್ದದ್ದು ಏಳೇ ಏಳು. ಅವುಗಳಲ್ಲಿ ಹೆಚ್ಚಿನವು ನಾವು ನೆನಪಿಡಲು ಹೇಳಿದ ಜೇಮ್ಸ್ ಡೇವಿಡ್ಸನ್ ಇಂದಿನ ಮಹಾರಾಷ್ಟ್ರದ ಖಾಂದೇಶದಲ್ಲಿ ಸಂಗ್ರಹಿಸಿದವು. 1884ರ ನಂತರ ಗೂಬೆ ಕಾಣೆ. ಆದರೆ ದಾಖಲೆಯಲ್ಲಿ ಇನ್ನೊಂದು ಹಕ್ಕಿ ಇತ್ತು: ರಿಚರ್ಡ್ ಮೈನರ್ಟ್ಸ್‌ಹಾಗೆನ್ ಎಂಬ ಪ್ರಸಿದ್ಧ ಸೇನಾಧಿಕಾರಿ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಹೊಡೆದದ್ದು ಎಂದು ಚೀಟಿ ಅಂಟಿಸಿದ್ದು. ದೊಡ್ಡವರು ಹೇಳಿದ್ದಲ್ಲವೇ, ಎಲ್ಲರೂ ನಂಬಿದರು. ಪುಸ್ತಕಗಳಲ್ಲಿ ಸೇರಿತು, ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಕಲಾಯಿತು. ಹುಡುಕಾಟಕ್ಕೆ ದಾರಿ ತೋರಿಸಬೇಕಾದ ದಾಖಲೆ ದಾರಿ ತಪ್ಪಿಸಿತು. 1970ರ ದಶಕದಲ್ಲಿ ಹೆಸರಾಂತ ಪಕ್ಷಿತಜ್ಞರೇ ಹುಡುಕಿದರೂ ಗೂಬೆ ಸಿಗಲಿಲ್ಲ. ಅಳಿದೇಹೋಯಿತು ಎಂದು ಬಹಳ ಜನ ಕೈಬಿಟ್ಟರು.

1990ರ ದಶಕದಲ್ಲಿ ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಮ್ಯೂಸಿಯಂಗಳ ಮಾದರಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋದರು. ಪ್ರತಿಯೊಬ್ಬ ಸಂಗ್ರಾಹಕನಿಗೂ ಚರ್ಮ ಹೊಲಿಯುವ, ಹತ್ತಿ ತುಂಬುವ ತನ್ನದೇ ಕೈಬರಹ ಎನ್ನುವಂಥ ರೀತಿ ಇರುತ್ತದೆ. ಮೈನರ್ಟ್ಸ್‌ಹಾಗೆನ್ ಗೂಬೆಯ ಹೊಲಿಗೆ ಡೇವಿಡ್ಸನ್ ಅವರದ್ದಾಗಿತ್ತು! ಬ್ರಿಟಿಷ್ ಮ್ಯೂಸಿಯಂನಿಂದ ಡೇವಿಡ್ಸನ್ ಹಕ್ಕಿಯನ್ನು ಕದ್ದು, ಸ್ವಲ್ಪ ತಿದ್ದಿತೀಡಿ, ಹೊಸ ಸ್ಥಳ ಹೊಸ ತಾರೀಖು ಬರೆದು ತನ್ನದೆಂದು ಇಟ್ಟುಕೊಂಡಿದ್ದ. ಅವನ ಸಂಗ್ರಹದ ಇನ್ನೂ ಎಷ್ಟೋ ಹಕ್ಕಿಗಳದ್ದು ಇದೇ ಹಣೆಬರಹ.

ಸುಳ್ಳು ದಾಖಲೆಯನ್ನು ಪಕ್ಕಕ್ಕಿಟ್ಟು, ಹಳೆಯ ನಿಜವಾದ ಚೀಟಿಗಳಲ್ಲಿದ್ದ ಊರುಗಳಿಗಷ್ಟೇ ಹೋಗುವುದೆಂದು ರಾಸ್ಮುಸೆನ್, ಬೆನ್ ಕಿಂಗ್ ಮತ್ತು ಡೇವಿಡ್ ಅಬಾಟ್ 1997ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದರು. ಪೂರ್ವದ ಕಡೆ ಸಿಗಲಿಲ್ಲ. ಖಾಂದೇಶದ ಶಹಾದಾ ಹತ್ತಿರದ ಕಾಡಿನಲ್ಲಿ, ಬೆಳಗಿನ ಬಿಸಿಲಿನಲ್ಲಿ, ಬೋಳುಮರದ ಮೇಲೆ ಗೂಬೆ ಕೂತಿತ್ತು. ನಡುವೆ ಕಳೆದದ್ದು 113 ವರ್ಷ.

ಅಂಪೈರ್ ಇಲ್ಲದ ಆಟ

ಈಗ ಹೊಸಪೇಟೆಗೆ ಬರೋಣ. ಬಂದೂಕು ಹೋಗಿ ನೋಟ್‌ಬುಕ್ ಬಂದದ್ದು ಒಂದೇ ದಿನದಲ್ಲಲ್ಲ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಎರಡು ಗುಂಪು ಮಾಡಿಕೊಂಡು ಯಾರು ಹೆಚ್ಚು ಪ್ರಾಣಿ ಪಕ್ಷಿ ಹೊಡೆಯುತ್ತಾರೆ ಎಂದು ಪಂದ್ಯ ಆಡುತ್ತಿದ್ದರು. 1900ರಲ್ಲಿ ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿತಜ್ಞ, ಹೊಡೆಯುವ ಬದಲು ಎಣಿಸೋಣ ಎಂದು ಕರೆ ಕೊಟ್ಟರು. ಮೊದಲ ವರ್ಷ ಬಂದವರು 27 ಜನ. ಆ ಎಣಿಕೆ ಇಂದಿಗೂ ಪ್ರತಿ ವರ್ಷ ನಡೆಯುತ್ತಿದೆ. ಸ್ಪರ್ಧೆಯ ಉಮೇದು ಹಾಗೇ ಉಳಿದು, ಹಕ್ಕಿಯ ಜೀವವೂ ಉಳಿಯುವ ಆಟ ಹೀಗೆ ಹುಟ್ಟಿತು.

ಹಂಪಿ, ಹೊಸಪೇಟೆ, ಸಂಡೂರು, ಕಂಪ್ಲಿ ಈ ಆಟಕ್ಕೆ ಹೇಳಿ ಮಾಡಿಸಿದ ಜಾಗ. ಅರ್ಧ ಗಂಟೆ ಪ್ರಯಾಣ ಮಾಡಿದರೆ ನೆಲದ ಗುಣವೇ ಬದಲಾಗುತ್ತದೆ. ಹಂಪಿಯ ಬಂಡೆಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲದ ಈ ಹಕ್ಕಿಯನ್ನು 1845ರಲ್ಲಿ ಹೆಸರಿಸಿದವರು ಹ್ಯೂಮ್‌ಗಿಂತ ಹಿಂದಿನ ತಲೆಮಾರಿನ ವೈದ್ಯ ಜೆರ್ಡನ್. ದರೋಜಿಗೆ ಕರಡಿ ನೋಡಲು ಹೋದವರು ಹಕ್ಕಿಗಳನ್ನೂ ನೋಡಿ ಬರಬಹುದು. ಕಂಪ್ಲಿಯ ಗದ್ದೆಗಳಲ್ಲಿ ಬೆಳ್ಳಕ್ಕಿ, ಕಾಲುವೆ ತಂತಿಯ ಮೇಲೆ ಮಿಂಚುಳ್ಳಿ. ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಕೆರೆಯ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆಗಳು ಸಂಸಾರ ಹೂಡುತ್ತವೆ. ಸುಮಾರು 99 ಹೆಕ್ಟೇರಿನ ಈ ಪಕ್ಷಿ ಸಂರಕ್ಷಣಾ ಮೀಸಲು 2024ರಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು. ಒಂದು ಕೆರೆಗೆ ಇಂಥ ಮನ್ನಣೆ ಸಿಗಬೇಕಾದರೆ ಅಲ್ಲಿ ಯಾವ ಹಕ್ಕಿ, ಎಷ್ಟು, ಯಾವಾಗ ಎಂಬ ಲೆಕ್ಕ ಮೊದಲು ಇರಬೇಕು.

ಬರ್ಡ್ ರೇಸ್‌ನಲ್ಲಿ ಅಂಪೈರ್ ಇರುವುದಿಲ್ಲ. ತಂಡದಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹಕ್ಕಿಯನ್ನು ನೋಡಿರಬೇಕು ಎಂಬ ಕಟ್ಟಳೆ ಸಾಮಾನ್ಯವಾಗಿ ಇರುತ್ತದೆ, ಮಿಕ್ಕದ್ದು ನಂಬಿಕೆ. ಕೊನೆಯ ಅರ್ಧ ಗಂಟೆಯಲ್ಲಿ ಎದುರು ತಂಡಕ್ಕಿಂತ ಎರಡು ಕಮ್ಮಿ ಇದ್ದೇವೆ ಎಂದಾಗ, ದೂರದಲ್ಲಿ ಸರ್ರನೆ ಹಾರಿಹೋದದ್ದು ಗಿಡುಗವಲ್ಲ, ಯಾವುದೋ ಅಪರೂಪದ ಡೇಗೆ ಎಂದು ಬರೆಯುವ ಆಸೆ ಯಾರಿಗೂ ಬರುತ್ತದೆ. ಸೋತರೆ ಹೋಗುವುದು ಒಂದು ಬಹುಮಾನ. ಆ ಸುಳ್ಳು ಡೇಗೆ ಮಾತ್ರ ಇಬರ್ಡ್‌ನಂಥ ಜಾಲತಾಣ ಸೇರಿದರೆ, ಇಪ್ಪತ್ತು ವರ್ಷ ಬಿಟ್ಟು ಅದನ್ನು ಹುಡುಕಿಕೊಂಡು ಯಾರೋ ಸಂಡೂರಿಗೆ ಬರುತ್ತಾರೆ. ಅನುಮಾನದ ದಾಖಲೆ ಕಂಡರೆ ಇಬರ್ಡ್‌ನ ಸ್ವಯಂಸೇವಕ ಪರಿಶೀಲಕರು ಪತ್ರ ಬರೆದು ವಿವರ ಕೇಳುತ್ತಾರೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಅವರು ಕೇಳುತ್ತಿರುವುದು ಹ್ಯೂಮ್ ಕೇಳುತ್ತಿದ್ದದ್ದನ್ನೇ, ಬೈಗುಳ ಮಾತ್ರ ಇಲ್ಲ.

ಸಾಮಾನ್ಯರ ಪಟ್ಟಿಗಳಿಂದ ಏನಾಗುತ್ತದೆ ಎನ್ನುವವರಿಗೆ ಗುಬ್ಬಚ್ಚಿಯ ಉದಾಹರಣೆ ಸಾಕು. ಮೊಬೈಲ್ ಟವರ್‌ನಿಂದ ಗುಬ್ಬಚ್ಚಿ ಸಂಕುಲವೇ ನಾಶವಾಯಿತು ಎಂಬ ಸಂದೇಶ ಪ್ರತಿ ಮಾರ್ಚ್‌ನಲ್ಲಿ ಗುಬ್ಬಚ್ಚಿ ದಿನಕ್ಕೆ ಸರಿಯಾಗಿ ಸುತ್ತುತ್ತದೆ. 15,000ಕ್ಕೂ ಹೆಚ್ಚು ಹವ್ಯಾಸಿಗಳು ಕಳಿಸಿದ ಒಂದು ಕೋಟಿಗೂ ಮಿಕ್ಕ ದಾಖಲೆಗಳನ್ನು ಸೇರಿಸಿ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. ದೊಡ್ಡ ನಗರಗಳಲ್ಲಿ ಗುಬ್ಬಚ್ಚಿ ಕಮ್ಮಿಯಾಗಿರುವುದು ನಿಜ. ಆದರೆ ದೇಶದ ಒಟ್ಟು ಲೆಕ್ಕದಲ್ಲಿ 25 ವರ್ಷಗಳಲ್ಲಿ ಅದರ ಸಂಖ್ಯೆ ಹೆಚ್ಚುಕಡಿಮೆ ಹಾಗೇ ಇದೆ, ಮೊಬೈಲ್ ಟವರೇ ಕಾರಣ ಎನ್ನಲು ಪುರಾವೆ ಇಲ್ಲ ಎಂದು ಅದರಿಂದ ತಿಳಿಯಿತು. 2023ರ ವರದಿಗೆ ದಾಖಲೆಗಳು ಮೂರು ಕೋಟಿಯಾದವು, ಕಳಿಸಿದವರು ಸುಮಾರು 30,000. ಗುಬ್ಬಚ್ಚಿ, ಕಾಗೆ, ಗೊರವಂಕವನ್ನು ಯಾರು ಬರೆಯುತ್ತಾರೆ ಎಂದು ಬಿಟ್ಟಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ.

ನೀವೂ ಶುರುಮಾಡುವುದಾದರೆ ಫೆಬ್ರವರಿ ಒಳ್ಳೆಯ ತಿಂಗಳು. ಆಗ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ, ಭಾರತ 2013ರಿಂದ ಸೇರಿಕೊಂಡಿದೆ. 15 ನಿಮಿಷ ಒಂದು ಕಡೆ ನಿಂತು, ಕಂಡ ಕೇಳಿದ ಎಲ್ಲ ಹಕ್ಕಿಗಳನ್ನೂ ಎಣಿಸಿದರೆ ಸಾಕು. ಬಾತುಕೋಳಿ ಎಂದಷ್ಟೇ ಗೊತ್ತಾಗಿ ಯಾವ ಬಾತು ಎಂದು ಗೊತ್ತಾಗದಿದ್ದರೆ ಹಾಗೇ ಬರೆಯಲು ಇಬರ್ಡ್‌ನಲ್ಲಿ ಅವಕಾಶವಿದೆ. ಹಳೆಯ ಡೈರಿ ಇದ್ದರೆ ಅದರಲ್ಲಿನ ಪಟ್ಟಿಗಳನ್ನೂ ಹಿಂದಿನ ತಾರೀಖು ಹಾಕಿ ಸೇರಿಸಬಹುದು. ರದ್ದಿಗೆ ಹೋಗುವ ಮುಂಚೆ ಮಾಡಿ.

ಹಂಚಿಕೊಳ್ಳಬಾರದ್ದು ಒಂದಿದೆ. ಸಿರುಗುಪ್ಪ ಸೀಮೆಯ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಎರೆಬೂತ ಹಕ್ಕಿಗಳು ಉಳಿದಿವೆ. ಹ್ಯೂಮ್ ಕಾಲದಲ್ಲಿ ಬೇಟೆಯ ಹಕ್ಕಿಯಾಗಿದ್ದ ಇದು ಈಗ ಇಡೀ ದೇಶದಲ್ಲೇ ಅಳಿವಿನ ಅಂಚಿನಲ್ಲಿದೆ. ಎರೆಬೂತ ಕಂಡರೆ, ಅಥವಾ ಯಾವುದೇ ಅಪರೂಪದ ಹಕ್ಕಿಯ ಗೂಡು ಕಂಡರೆ, ಜಾಗವನ್ನು ಯಾವ ಗ್ರೂಪಿಗೂ ಹಾಕಬೇಡಿ. ಹತ್ತಿರ ಹೋಗದೆ, ತಾರೀಖು ಮತ್ತು ಹೊತ್ತು ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಿ.